ತಟ್ಟೆಯಲ್ಲಿ ಉಳಿದ ಒಂದು ಬೋಲ್ಟಿನ ವಿಲೇವಾರಿ

ಗೃಹ ಇಲಾಖೆ (ವಿಮಾನ ಶಾಖೆ)
ಹಿತ್ತಿಲ ಶೆಡ್ಡು

ಸಂಖ್ಯೆ: ಗೃಇ/ವಿಶಾ/ಬೋಲ್ಟು-1/3
ದಿನಾಂಕ: 28, ಶುಕ್ರವಾರ

ಸುತ್ತೋಲೆ

ವಿಷಯ: ಮನೆಯಲ್ಲೇ ಕಟ್ಟಿ, ಕೆಡವಿಕೊಂಡು, ಮತ್ತೆ ಕಟ್ಟಲಾದ ವಿಮಾನದ ಮೊದಲ ಪರೀಕ್ಷಾ ಹಾರಾಟ ಹಾಗೂ ಉಳಿದುಹೋದ ಬೋಲ್ಟಿನ ಕುರಿತು.

ಉಲ್ಲೇಖ:
1. ಆರು ವರ್ಷಗಳ ಹಿಂದೆ ಸದರಿ ವಿಮಾನವು ಬಯಲಿನಲ್ಲಿ ಮೂಗು ಊರಿದ ಪ್ರಕರಣ. ಪೈಲಟರ ಎಡಗಾಲಿನ ಎಕ್ಸ್‌ರೇ.
2. ಪೈಲಟರ ಮೌಖಿಕ ಮನವಿ: "ನಾಳೆ ಹಾರಿಸ್ತೀನಿ ಕಣೇ, ಸುಮ್ನಿರು." (ಇಪ್ಪತ್ಮೂರು ಬಾರಿ.)
3. ವೆಲ್ಡರ್ ತಮ್ಮನ ಮೌಖಿಕ ವರದಿ: "ಅಕ್ಕಾ, ಭಾವ ಯಾರ ಮಾತೂ ಕೇಳೋ ಪೈಕಿ ಅಲ್ಲ."

ಪ್ರಸ್ತಾವನೆ:

ಪೈಲಟರು ಲೇತ್ ಅಂಗಡಿಯ ನಿವೃತ್ತ ಮೆಕ್ಯಾನಿಕ್, ಕೆಳಸಹಿದಾರರ ಪತಿ. ಕೆಳಸಹಿದಾರರು ಮೂವತ್ತೊಂದು ವರ್ಷ ಕಚೇರಿಯಲ್ಲಿದ್ದು, ಕಡತ ತಡೆಹಿಡಿಯುವುದರಲ್ಲಿ ಪಳಗಿದವರು. ಸದರಿ ವಿಮಾನದ ರೆಕ್ಕೆಯ ಬಟ್ಟೆಯನ್ನು ಹೊಲಿದವರೂ ಅವರೇ.

ದಿನಾಂಕ 12ರ ಬೆಳಿಗ್ಗೆ ವಿಮಾನ ಪೂರ್ತಿ ಜೋಡಣೆಯಾಗಿ, ಪೈಲಟರು ಒಂದು ಕಾಲನ್ನು ಒಳಗಿಟ್ಟಿದ್ದಾಗ, ನಟ್ಟು ಬೋಲ್ಟಿನ ತಟ್ಟೆಯಲ್ಲಿ ಒಂದು ಬೋಲ್ಟು ಉಳಿದಿರುವುದನ್ನು ಕೆಳಸಹಿದಾರರು ಪತ್ತೆಹಚ್ಚಿದರು. "ರೀ, ಇದ್ಯಾವುದ್ರೀ?" ಎಂಬ ಪ್ರಶ್ನೆಗೆ ಪೈಲಟರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಅಯ್ಯೋ, ಇದೆಲ್ಲಿಂದ ಬಂತಪ್ಪಾ!" ಎಂದು ಇಟ್ಟ ಕಾಲನ್ನು ಹಿಂದಕ್ಕೆ ತೆಗೆದರು. ಅಂದಿನಿಂದ ವಿಮಾನವನ್ನು ಎರಡು ಬಾರಿ ಬಿಚ್ಚಲಾಗಿದೆ. ಬೋಲ್ಟಿಗೆ ಸರಿಹೊಂದುವ ತೂತು ಎಲ್ಲಿಯೂ ಸಿಕ್ಕಿರುವುದಿಲ್ಲ.

ಆದ್ದರಿಂದ ಈ ಮೂಲಕ ಸೂಚಿಸಲಾಗಿರುವುದೇನೆಂದರೆ:

1. "ಎಲ್ಲೋ ಒಂದ್ಕಡೇದು ಇರುತ್ತೆ ಬಿಡೇ" ಎಂಬುದನ್ನು ತಾಂತ್ರಿಕ ವಿವರಣೆಯೆಂದು ಪರಿಗಣಿಸಲಾಗುವುದಿಲ್ಲ.

2. ತೂಕದ ಪಟ್ಟಿಯಲ್ಲಿ ಪೈಲಟರು ತಮ್ಮ ಹೆಸರಿನ ಮುಂದೆ ಬರೆದಿರುವ ಅರವತ್ತೆರಡು ಕಿಲೋ ಮದುವೆಯ ವರ್ಷದ್ದು. ಮರುತೂಕ ಮಾಡತಕ್ಕದ್ದು. ತಕ್ಕಡಿಯ ಮೇಲೆ ಉಸಿರು ಬಿಗಿಹಿಡಿಯುವುದು, ಹೊಟ್ಟೆ ಒಳಗೆಳೆದುಕೊಳ್ಳುವುದು, ಗೋಡೆಗೆ ಕೈ ಊರುವುದು ದಾಖಲೆ ತಿದ್ದಿದ್ದಕ್ಕೆ ಸಮ.

3. ಎಂಜಿನ್ ಪರೀಕ್ಷೆಯ ವೇಳೆ ಹಿತ್ತಿಲಲ್ಲಿ ಬಟ್ಟೆ ಒಣಗಿಸತಕ್ಕದ್ದಲ್ಲ. ಕಳೆದ ಪರೀಕ್ಷೆಯಲ್ಲಿ ಪೈಲಟರ ಪಟ್ಟೆಪಟ್ಟೆ ಚಡ್ಡಿ ಎರಡು ಕಾಂಪೌಂಡ್ ದಾಟಿ ಇಳಿದಿದ್ದು, ಅದನ್ನು ಪ್ರಥಮ ಹಾರಾಟವೆಂದು ದಾಖಲಿಸಲು ಅವಕಾಶವಿಲ್ಲ.

4. ದಿನಾಂಕ 11ರ ಸಂಜೆಯಿಂದ ಹೊಲಿಗೆ ಯಂತ್ರವು ಗಡಗಡ ಅಲುಗಾಡುತ್ತಿದ್ದು, ಪೈಲಟರ ಹರಿದ ಜಾಕೆಟ್ಟನ್ನು ಹೊಲಿಯಲಾಗುವುದಿಲ್ಲ. ಕಾರಣ ಪರಿಶೀಲನೆಯಲ್ಲಿದೆ. ಸದ್ಯಕ್ಕೆ ಪಿನ್ನು ಹಾಕಿಕೊಳ್ಳುವುದು.

5. ಹೊರಡುವಾಗ "ಹೋಗ್ತೀನಿ" ಎಂಬ ಪದವನ್ನು ನಿಷೇಧಿಸಲಾಗಿದೆ. "ಹೋಗ್ಬರ್ತೀನಿ" ಎಂದು ಪೂರ್ತಿ ಹೇಳತಕ್ಕದ್ದು. ಕಳೆದ ಬಾರಿ ಆತುರದಲ್ಲಿ ಅರ್ಧವನ್ನಷ್ಟೇ ಹೇಳಿದ್ದು, ಉಳಿದರ್ಧವನ್ನು ಮೂರು ದಿನದ ನಂತರ ಆಸ್ಪತ್ರೆಯ ಮಂಚದ ಮೇಲಿಂದ ಕೇಳಿಸಿಕೊಳ್ಳಲಾಯಿತು.

6. ದಿನಾಂಕ 26ರಂದು ಎರಡನೇ ಬಾರಿ ಬಿಚ್ಚುವಾಗ, ಮೊದಲ ಬಾರಿ ಬಿಚ್ಚದೇ ಬಿಟ್ಟಿದ್ದ ಬಾಲದ ಕೀಲಿನ ನಟ್ಟು ಕಳಚದಂತೆ ತಡೆಯುವ ಪಿನ್ನನ್ನೇ ಹಾಕಿರಲಿಲ್ಲವೆಂಬುದು ಬೆಳಕಿಗೆ ಬಂದಿದೆ. ನಟ್ಟು ಬೆರಳಿಗೇ ತಿರುಗುತ್ತಿತ್ತು. ಪೈಲಟರು ಸ್ಟೂಲಿನ ಮೇಲೆ ಕೂತು, "ಈ ಬೋಲ್ಟು ಸಿಗದೇ ಇದ್ದಿದ್ರೆ ನಾನು ಬಿಚ್ತಾನೇ ಇರ್ಲಿಲ್ಲ. ಮೇಲೆ ಹೋದ್ಮೇಲೇ ಗೊತ್ತಾಗ್ತಿತ್ತು ಕಣೇ" ಎಂದರು. "ಮೇಲೆ ಹೋಗುವುದು" ಎಂಬುದಕ್ಕೆ ಎರಡು ಅರ್ಥವಿರುವುದರಿಂದ ಅದನ್ನು ಇನ್ನು ಮುಂದೆ ಈ ಮನೆಯಲ್ಲಿ ಬಳಸತಕ್ಕದ್ದಲ್ಲ. ಕೆಳಸಹಿದಾರರಿಗೆ ವಿಪರೀತ ಭಯವಾಯಿತೆಂದೂ, ಆರು ವರ್ಷದಿಂದ ಆಗುತ್ತಲೇ ಇದೆಯೆಂದೂ ಈ ಮೂಲಕ ಒಪ್ಪಿಕೊಳ್ಳಲಾಗಿದೆ.

7. ಹೊಸ ಪಿನ್ನು ಹಾಕಲಾಗಿದೆ. ವೆಲ್ಡರ್ ತಮ್ಮ ಎರಡು ಬಾರಿ, ಕೆಳಸಹಿದಾರರು ಒಂಬತ್ತು ಬಾರಿ ಎಳೆದು ನೋಡಿದ್ದಾರೆ. ಅದರಂತೆ ದಿನಾಂಕ 30, ಭಾನುವಾರ ಬೆಳಿಗ್ಗೆ ಹಾರಾಟಕ್ಕೆ ಅನುಮತಿ ನೀಡಲಾಗಿದೆ. ಕೆಳಗಿನಿಂದ "ರೀ, ಸಾಕು ಇಳೀರಿ" ಎಂದು ಕೂಗಿದರೆ ಕೇಳಿಸುವಷ್ಟು ಎತ್ತರವನ್ನು ಮೀರತಕ್ಕದ್ದಲ್ಲ.

8. ಬೋಲ್ಟಿನ ಹುಡುಕಾಟವನ್ನು ಇಲ್ಲಿಗೆ ಮುಕ್ತಾಯಗೊಳಿಸಲಾಗಿದೆ. ಅದನ್ನು ಅದೃಷ್ಟದ ಬೋಲ್ಟೆಂದು ಜೇಬಿನಲ್ಲಿಟ್ಟುಕೊಂಡು ಹಾರಲು ಪೈಲಟರು ಕೋರಿರುವ ಮನವಿಯನ್ನು ತಿರಸ್ಕರಿಸಲಾಗಿದೆ. ಕಾರಣ ನೀಡಲಾಗುವುದಿಲ್ಲ.

(ಸಹಿ/-)
ಶಾಖಾಧಿಕಾರಿ ಹಾಗೂ ಪತ್ನಿ
ಗೃಹ ಇಲಾಖೆ (ವಿಮಾನ ಶಾಖೆ)

ಪ್ರತಿಗಳು:
1. ಪೈಲಟರು, ಶೆಡ್ಡು: ಕಟ್ಟುನಿಟ್ಟಿನ ಪಾಲನೆಗಾಗಿ. ಕನ್ನಡಕ ಹಾಕಿಕೊಂಡು ಓದುವುದು.
2. ವೆಲ್ಡರ್ ತಮ್ಮ: ಭಾನುವಾರ ಬೆಳಿಗ್ಗೆ ಅಕ್ಕನ ಪಕ್ಕದಲ್ಲಿ ನಿಲ್ಲಲು.
3. ಎರಡು ಕಾಂಪೌಂಡ್ ಆಚೆಯ ಮನೆಯವರು: ಚಡ್ಡಿ ಹಿಂದಿರುಗಿಸಲು ಕೋರಿ.
4. ಕಚೇರಿ ಪ್ರತಿ.
5. ಹೊಲಿಗೆ ಯಂತ್ರ, ನಡುಮನೆ: ನಿಮ್ಮಿಂದ ದಿನಾಂಕ 11ರ ಸಂಜೆ ಎರವಲು ಪಡೆದ ಬೋಲ್ಟನ್ನು ಇದರೊಂದಿಗೆ ಹಿಂದಿರುಗಿಸಲಾಗಿದೆ. ಉಪಕಾರ ಮರೆಯಲಾಗುವುದಿಲ್ಲ. (ಗೌಪ್ಯ. ಕ್ರಮಸಂಖ್ಯೆ 1ರವರ ಪ್ರತಿಯಲ್ಲಿ ಈ ಸಾಲನ್ನು ಅವರು ಇಳಿದು ಬಂದ ಮೇಲೆ ಸೇರಿಸುವುದು.)