ಇಲ್ಲದ ಮಗನ ಮೂವತ್ತು ವ್ಯಾನುಗಳು

ಒಂದು ಬಿಸ್ಕೀಟಿನ ಡಬ್ಬಿ. ಅದರೊಳಗೆ ಬೆರಳುದ್ದದ ಮೂವತ್ತು ವ್ಯಾನು. ಇಷ್ಟರಿಂದಲೇ ಒಬ್ಬ ಬಿ.ಎಸ್ಸಿ. ಮಾಸ್ತರನ ಮದುವೆ ಮುರಿಯುವ ಹಂತಕ್ಕೆ ಬಂತು ಅಂದರೆ ಏನಾಗಿರಬಹುದು, ಊಹಿಸಿ ನೋಡೋಣ. ಕಳ್ಳಮಾಲು ಅಂದಿರಾ? ಅಲ್ಲ. ಹುಚ್ಚು ಅಂದಿರಾ? ಹತ್ತಿರ ಬಂದಿರಿ, ಆದರೂ ಅಲ್ಲ. ಬಿಡಿ, ನಾನೇ ಹೇಳುತ್ತೇನೆ. ಇಂಥ ಪ್ರಸಂಗಗಳು ನನ್ನ ಬೆನ್ನು ಬಿಟ್ಟದ್ದೇ ಇಲ್ಲ; ನನಗೆ ವರ್ಗವಾದ ಊರಿಗೆ ನನಗಿಂತ ಮೊದಲೇ ಹೋಗಿ ಕಾಯುತ್ತ ಕೂತಿರುತ್ತಿದ್ದವು.

ಎಪ್ಪತ್ತರ ದಶಕದ ಕೊನೆಗೆ ನಾನು ಹೈಸ್ಕೂಲಿನ ವಿಜ್ಞಾನದ ಮಾಸ್ತರ. ಎರಕದ ಆಟಿಕೆ ಗಾಡಿಗಳು ಆಗ ಬಳೆ ಅಂಗಡಿಯಲ್ಲಿ ರಿಬ್ಬನ್ನಿನ ಪಕ್ಕ ಅಗ್ಗಕ್ಕೆ ಸಿಗುತ್ತಿದ್ದವು. ಕಾರು, ಲಾರಿ ನನಗೆ ಬೇಡ. ವ್ಯಾನೇ ಬೇಕು. ಮೂಗಿಲ್ಲದ ಮೋರೆ, ಉಬ್ಬಿದ ಹೊಟ್ಟೆ, ಪಕ್ಕಕ್ಕೆ ಸರಿಯುವ ಬಾಗಿಲು. ಕಾರಿಗೆ ಗತ್ತು, ಲಾರಿಗೆ ಸಿಟ್ಟು. ವ್ಯಾನಿನ ಮುಖದಲ್ಲಿ ಮಾತ್ರ "ಬರ್ರಿ, ಇನ್ನೂ ಇಬ್ಬರು ಹಿಡೀತಾರ" ಅನ್ನುವ ಕಳೆ.

ಸವಣೂರಿನಲ್ಲಿ ಮಗ ಹುಟ್ಟಿದ್ದು

ಸವಣೂರಿನ ಬಳೆ ಅಂಗಡಿಯ ಚಾಚಾ ಮೊದಲ ದಿನವೇ ಕೇಳಿದರು, ಮಗನಿಗೆ ಎಷ್ಟು ವರ್ಷ ಅಂತ. ನನಗೇ ಬೇಕು ಅನ್ನಲು ನಾಲಿಗೆ ಏಳಲಿಲ್ಲ. ಮೂರು ಅಂದುಬಿಟ್ಟೆ. ಆಗಿನ್ನೂ ನನಗೆ ಮದುವೆಯೇ ಆಗಿರಲಿಲ್ಲ.

ಎರಡು ತಿಂಗಳಿಗೊಂದು ವ್ಯಾನು, ಪ್ರತಿ ಸಲವೂ ಮಗನ ವಿಚಾರಣೆ. ಹುಡುಗನನ್ನು ಬೆಳೆಸದೆ ದಾರಿಯಿರಲಿಲ್ಲ. ಅ ಆ ಕಲಿಸಿದೆ, ಶಾಲೆಗೆ ಹಾಕಿದೆ. ಚಾಚಾ ಕರೆತನ್ನಿ ಅಂದಾಗಲೆಲ್ಲ ಜ್ವರ ಬರಿಸಿದೆ. ಪಾಪ, ಇಷ್ಟು ಜ್ವರ ಚಲೋದಲ್ಲ ಅಂತ ಅವರು ದರ್ಗಾದಿಂದ ಒಂದು ತಾಯತ ತಂದುಕೊಟ್ಟರು. ಅಂದಿನಿಂದ ಜ್ವರ ನಿಲ್ಲಿಸಬೇಕಾಯಿತು. ದೇವರ ವಿಷಯದಲ್ಲಿ ಹುಡುಗಾಟ ಸಲ್ಲದು.

ನಾಲ್ಕು ವರ್ಷದ ಮೇಲೆ ಹಿರೇಕೆರೂರಿಗೆ ವರ್ಗವಾಯಿತು. ಹೇಳಿಬರಲು ಹೋದರೆ ಚಾಚಾ ಕಣ್ಣು ಒರೆಸಿಕೊಂಡು ಅಂದರು, "ಎಲ್ಲಾ ಮರತ್ರೂ ನಡೀತೈತಿ ಸರ್, ಹುಡುಗನ ಟೀಸಿ ಮಾತ್ರ ಮರೀಬ್ಯಾಡ್ರಿ."

ಹಿರೇಕೆರೂರಿನ ನಿಂಬೆಹಣ್ಣು

ಹಿರೇಕೆರೂರಿನಲ್ಲಿ ಮನೆಯೊಡತಿ ಅವ್ವ ಆಯುಧಪೂಜೆಯ ದಿನ ಡಬ್ಬಿ ನೋಡಿ ಗಾಬರಿಯಾದಳು. ಇಷ್ಟು ಗಾಡಿ ಇಟ್ಟುಕೊಂಡು ಪೂಜೆ ಮಾಡದೆ ಕೂತಿದ್ದೀಯಲ್ಲ ಅಂತ ಬೈದು, ಎಲ್ಲವನ್ನೂ ಕಟ್ಟೆಯ ಮೇಲೆ ಸಾಲಾಗಿ ನಿಲ್ಲಿಸಿ ಕುಂಕುಮ ಹಚ್ಚಿದಳು. ಆಮೇಲೆ ಬಂತು ತೊಡಕು. ಗಾಲಿ ನಿಂಬೆಹಣ್ಣಿನ ಮೇಲೆ ಹಾಯಬೇಕು. ಹಣ್ಣು ವ್ಯಾನಿಗಿಂತ ಎತ್ತರ.

ಓಣಿಯವರೆಲ್ಲ ಕೂಡಿದರು. ಹಣ್ಣು ಹೋಳು ಮಾಡಿ ಅಂದರೊಬ್ಬರು. ಹೋಳಿನ ಮೇಲೆ ಹಾಯ್ದರೆ ಫಲವಿಲ್ಲ ಅಂದರು ಇನ್ನೊಬ್ಬರು. ಅರ್ಧ ತಾಸು ವಾದ ನಡೆಯಿತು. ಕೊನೆಗೆ ಅವ್ವನೇ ತೀರ್ಮಾನ ಕೊಟ್ಟಳು: "ಗಾಡಿ ಹಣ್ಣಿನ ಮ್ಯಾಲ ಹೋಗದಿದ್ರ ಹಣ್ಣು ಗಾಡಿ ಮ್ಯಾಲ ಹೋಗಲಿ. ದೇವರಿಗೆ ಎರಡೂ ಒಂದ."

ಹಣ್ಣು ಹಾಯಿತು. ಎರಡು ವ್ಯಾನಿನ ಗಾಲಿ ಕಳಚಿದವು. ಅಪಘಾತವಾಗದಿರಲಿ ಅಂತ ಮಾಡಿದ ಪೂಜೆಯಲ್ಲೇ ಅಪಘಾತವಾದ ಗಾಡಿಗಳು ಜಿಲ್ಲೆಯಲ್ಲಿ ಅವೆರಡೇ ಇರಬೇಕು.

ಶಿಗ್ಗಾವಿಯಲ್ಲಿ ವಿಚಾರಣೆ

ಶಿಗ್ಗಾವಿಗೆ ಬರುವ ಹೊತ್ತಿಗೆ ನನಗೆ ಮೂವತ್ತಮೂರು. ನಮ್ಮ ಕಾಕಾ ದುಂಡಸಿಯ ಒಂದು ಹೆಣ್ಣು ತೋರಿಸಿದರು. ಅವಳ ಅಪ್ಪ ದುಂಡಸಿಯಿಂದ ಶಿಗ್ಗಾವಿಗೆ ಬಾಡಿಗೆ ವ್ಯಾನು ಓಡಿಸುತ್ತಿದ್ದರು, ನಿಜವಾದ ವ್ಯಾನು. ಹುಡುಗಿ ಅವಲಕ್ಕಿ ತಟ್ಟೆ ಇಟ್ಟು, ಐತವಾರ ರಜಾದಾಗ ಏನ್ ಮಾಡ್ತೀರಿ ಅಂತ ನೆಟ್ಟಗೆ ಕೇಳಿದಳು. ನನಗೆ ಅಲ್ಲಿಯೇ ಮನಸ್ಸಾಗಿಹೋಯಿತು. ಓದ್ತೇನಿ ಅಂದೆ. ಅವಳು ನಂಬಲಿಲ್ಲ, ನಕ್ಕಳು. ಮದುವೆಯಾದರೆ ಇವಳನ್ನೇ ಅಂದುಕೊಂಡು ಬಂದೆ.

ಆದರೆ ಹೆಣ್ಣು ಕೊಡುವವರು ವರ ಇದ್ದ ಊರಿಗೆ ಹೋಗಿ ನಾಲ್ಕು ಜನರನ್ನು ಕೇಳದೆ ಬಿಡುತ್ತಾರೆಯೇ? ಅವಳ ಅಪ್ಪ ಸವಣೂರಿಗೆ ಹೋದರು. ಕೇಳಿದ್ದು ಯಾರನ್ನು? ಚಾಚಾನನ್ನು. ಚಾಚಾ ನನ್ನನ್ನು ಬಾಯ್ತುಂಬ ಹೊಗಳಿದರಂತೆ. ಮಾಸ್ತರು ಬಂಗಾರದಂಥವರು, ಮಗನ ಮೇಲೆ ಜೀವ, ಹುಡುಗನೂ ಭಾಳ ಶ್ಯಾಣೆ, ಶಾಲೆಯಲ್ಲಿ ಇಯತ್ತೆಗೇ ಮೊದಲನೆಯವ.

ಮೊದಲನೆಯವ ಅಂತ ನಾನೇ ಹೇಳಿದ್ದೆ. ಹೇಗೂ ಸುಳ್ಳು ಹೇಳುವಾಗ ಮಗನನ್ನು ಯಾರು ನಪಾಸು ಮಾಡುತ್ತಾರೆ?

ಹಾನಗಲ್ಲಿನಲ್ಲಿ ಪರೀಕ್ಷೆ

ಮಗನಿದ್ದವನಿಗೆ ಹೆಣ್ಣಿಲ್ಲ ಅಂತ ದುಂಡಸಿಯಿಂದ ಹೇಳಿಕಳಿಸಿದರು. ಅಷ್ಟರಲ್ಲಿ ನನಗೆ ಹಾನಗಲ್ಲಿಗೆ ವರ್ಗ. ಕಾಕಾ ಹೋಗಿ ಆಣೆ ಇಟ್ಟು ಬಂದರು, ಮಗನೂ ಇಲ್ಲ, ಮೊದಲ ಹೆಂಡತಿಯೂ ಇಲ್ಲ ಅಂತ. ಸರಿ, ಕಣ್ಣಾರೆ ನೋಡುತ್ತೇವೆ ಅಂದರು ಅವರು. ಯಾವತ್ತು ಅಂತ ಹೇಳಲಿಲ್ಲ.

ಶಾಲೆಗೆ ರಜೆಯಿದ್ದ ಒಂದು ದಿನ ನೆಲದ ಮೇಲೆ ವ್ಯಾನುಗಳನ್ನು ಹರವಿಕೊಂಡು ಒರೆಸುತ್ತಿದ್ದೆ. ಬಾಗಿಲಲ್ಲಿ ಮೂವರು ಬಂದು ನಿಂತರು: ಹುಡುಗಿಯ ಅಪ್ಪ, ಅವರ ಅಣ್ಣ, ಅವರ ತಂಗಿ. ತಂಗಿ ಒಳಗೆ ಹೋಗಿ ಸಣ್ಣ ಚಪ್ಪಲಿ, ಸಣ್ಣ ಅಂಗಿ ಎಲ್ಲಾ ಹುಡುಕಿದರು. ಏನೂ ಸಿಗಲಿಲ್ಲ. ಅಣ್ಣ ನೆಲ ನೋಡಿದರು.

"ಇವು ಯಾರ ಆಟಿಗಿ ಸಾಮಾನ್ರಿ?"

"ನನ್ನವು ರೀ."

"ಹುಡುಗನ್ನ ಎಲ್ಲಿ ಕಳಿಸೀರಿ, ಖರೆ ಹೇಳ್ರಿ."

ನೋಡಿ, ಮೂವತ್ತಮೂರರ ಮಾಸ್ತರ ಆಟಿಕೆ ಕೂಡಿಡುತ್ತಾನೆ ಅನ್ನುವುದಕ್ಕಿಂತ ಮಗನನ್ನು ಅಡಗಿಸಿಟ್ಟಿದ್ದಾನೆ ಅನ್ನುವುದೇ ಅವರಿಗೆ ನಂಬಲು ಸುಲಭ. ಎಷ್ಟು ಹೇಳಿದರೂ ತಲೆ ಅಲ್ಲಾಡಿಸಿದರು. ಕೊನೆಗೆ ಅಣ್ಣ ಗೋಡೆಗೆ ಒರಗಿ ಕೂತು, "ನಿಮ್ಮವು ಆಗಿದ್ರ ಆಡಿ ತೋರಸ್ರಿ" ಅಂದರು.

ಅವಲಕ್ಕಿ ಕೊಟ್ಟವಳು ಕಣ್ಣ ಮುಂದೆ ಬಂದಳು. ಪಂಚೆ ಮೇಲೆ ಕಟ್ಟಿ ಮೊಣಕಾಲೂರಿದೆ. ಡಬ್ಬಿಯ ಮುಚ್ಚಳ ಶಿಗ್ಗಾವಿ, ನೀರಿನ ತಂಬಿಗೆ ತಡಸ ಅಂತ ಇಟ್ಟು, ಹಳದಿ ವ್ಯಾನು ಹಿಡಿದು ಬುರ್ರ್ ಅಂತ ಹೊರಟೆ. ಮೊದಮೊದಲು ನಾಚಿಕೆ. ತಡಸ ಹತ್ತಿರ ಬರುವಷ್ಟರಲ್ಲಿ ಮೈಮರೆತೆ. ಹಾದಿಯಲ್ಲಿ ಇಬ್ಬರನ್ನು ಹತ್ತಿಸಿಕೊಂಡೆ ಕೂಡ.

ತಂಬಿಗೆಯ ತಿರುವಿನಲ್ಲಿ ಹುಡುಗಿಯ ಅಪ್ಪನಿಗೆ ತಡೆಯಲಾಗಲಿಲ್ಲ. "ಅಲ್ಲಿ ಸೆಕೆಂಡ್ ಗೇರ್ ಹಾಕ್ಬೇಕ್ರಿ, ತುಂಬಿದ ಗಾಡಿ ಅದು" ಅನ್ನುತ್ತ ಇಳಿದು ಕೂತು, ನೀಲಿ ವ್ಯಾನು ಎತ್ತಿಕೊಂಡು ಎದುರಿನಿಂದ ಬಂದರು. ಟಾಪಿನ ಮೇಲೆ ಮಾಲಿಲ್ಲದೆ ಯಾವ ಗಾಡಿ ಓಡುತ್ತದೆ ಅಂತ ಅಣ್ಣ ಕಿಸೆಯಿಂದ ಶೇಂಗಾ ತೆಗೆದು ಎರಡೂ ಗಾಡಿಗೆ ಹೇರಿದರು. ಸೈಡ್ ಯಾರು ಕೊಡಬೇಕು ಅಂತ ಮಾವ-ಅಳಿಯ ಆಗುವ ಮೊದಲೇ ನಮಗಿಬ್ಬರಿಗೂ ಜಗಳ ಹತ್ತಿತು.

ಅಡುಗೆಮನೆ ಬಾಗಿಲಲ್ಲಿ ನಿಂತ ತಂಗಿ ಎಲ್ಲವನ್ನೂ ನೋಡಿ ನಿಧಾನವಾಗಿ ಅಂದರು:

"ಮಗ ಇಲ್ಲ ಬಿಡಣ್ಣಾ. ಇದ್ದಿದ್ರ ಇವರ ಕೈಗೆ ಒಂದಾರ ಗಾಡಿ ಸಿಗತಿತ್ತೇನು?"

ಅಷ್ಟೇ. ನನ್ನ ಅಡುಗೆಮನೆಯ ಸಕ್ಕರೆಯನ್ನೇ ಹಂಚಿ ನಿಶ್ಚಯ ಮಾಡಿಬಿಟ್ಟರು. ಮನೆಗೆ ಹೋಗಿ ಅಪ್ಪ ಮಗಳಿಗೆ ಹೇಳಿದ್ದು, ಹುಡುಗ ಚಲೋ ಅದಾನ, ತಿರುವಿನಾಗ ಸ್ವಲ್ಪ ಜ್ವಾಕಿ ಸಾಲದು ಅಂತ. ಅದನ್ನು ಅವಳು ಇವತ್ತಿಗೂ ಹೇಳುತ್ತಾಳೆ.

ಪಂಚಾಂಗ ನೋಡಬೇಕು ಅಂತ ಮಾತ್ರ ಯಾರಿಗೂ ಹೊಳೆಯಲಿಲ್ಲ. ಅವರು ಬಂದದ್ದು ಮಗನನ್ನು ಹುಡುಕಲು, ಅದಕ್ಕೆಂಥ ಮುಹೂರ್ತ? ಶಾಲೆಗೆ ಯಾಕೆ ರಜೆ ಅಂತ ನನಗಾದರೂ ನೆನಪಾಗಬೇಕಿತ್ತು. ಪಿತೃಪಕ್ಷದ ಕಟ್ಟಕಡೆಯ ದಿನ. ಮಂಗಳವಾರ, ಮಹಾಲಯ ಅಮಾವಾಸ್ಯೆ.