ಶಿಬಿರದ ಗೇಟಿನೆದುರು ನನ್ನ ಭವಿಷ್ಯವಾಣಿ

ಕಾಲೇಜಿನಲ್ಲಿ ಜೀವಮಾನವಿಡೀ ಅರ್ಥಶಾಸ್ತ್ರ ಪಾಠ ಮಾಡಿ ನಿವೃತ್ತನಾದವನಿಗೆ ಕುಂದಾಪುರದ ಮನೆಯಲ್ಲಿ ಕೂತಲ್ಲಿ ಕೂರಲು ಆಗುವುದಿಲ್ಲ. ಯಾರಿಗಾದರೂ ಭವಿಷ್ಯ ಹೇಳುತ್ತಿರಬೇಕು. ಬೈಂದೂರಿನ ಕಡಲ ಬದಿಯ ಸೈನಿಕ ಶಿಬಿರ ಮುಚ್ಚುತ್ತದೆಂದು ಸುದ್ದಿ ಬಂದ ದಿನವೇ ಬಸ್ಸು ಹತ್ತಿದೆ. ಶಿಬಿರದ ಗೇಟಿನೆದುರು ನನ್ನ ಹೆಂಡತಿಯ ತಮ್ಮ ರಘುರಾಮನ ಹೋಟೆಲು. ಅವನ ಸಂಸಾರ ನಡೆಯುವುದು ಅದರಲ್ಲೇ. ಅವನನ್ನು ಉಳಿಸುವ ಗುರುತರ ಹೊಣೆ ನನ್ನ ಮೇಲಿತ್ತು.

"ಇಲ್ಲಿನ್ ಆರ್ಥಿಕತೆ ಕುಸ್ದ್ ಹೋತ್ತ್. ಈಗ್ಲೇ ಹೋಟ್ಲ್ ಬೇರೆಯವ್ರಿಗ್ ಕೊಡ್," ಎಂದೆ.

"ಮಿಲಿಟ್ರಿಯವ್ರ್ ನಮ್ಮಲ್ಲಿಗೆ ಬಪ್ಪುದೇ ಇಲ್ಲೆ ಭಾವ. ಒಳ್ಗೇ ಮೆಸ್ ಇತ್ತ್. ಉಪ್ಪೂ ಅವ್ರ್ ಲಾರಿಯಗೇ ಬತ್ತ್."

"ಅದ್ ನೇರ ಪರಿಣಾಮ. ನಾ ಹೇಳೂದ್ ಪರೋಕ್ಷ ಪರಿಣಾಮ."

ಆ ಮಾತು ಕೇಳಿ ಪಾಪ, ಅವನ ಮುಖ ಬಿಳುಚಿತು. ನಮ್ಮ ಕಡೆ ಹೋಟೆಲು ಮುಚ್ಚುವುದು ಕಡಿಮೆ, ಇನ್ನೊಬ್ಬರಿಗೆ ನಡೆಸಲು ಕೊಡುತ್ತಾರೆ. ತನ್ನ ಪಕ್ಕದ ಮನೆಯ ಗುಲಾಬಿಯಕ್ಕನಿಗೆ ಒಂದು ವರ್ಷದ ಮಟ್ಟಿಗೆ ಕೊಟ್ಟುಬಿಟ್ಟ. ಮುಳುಗುವ ಹೋಟೆಲು ಹಿಡಿದಳಲ್ಲ ಎಂದು ಆಕೆಯ ಮೇಲೆ ನನಗೆ ಕನಿಕರವೂ ಹುಟ್ಟಿತು.

ಶಿಬಿರ ಹೋಯಿತು. ಕುಸಿತ ನೋಡಲು ನನಗೆ ತಡೆಯಲಾರದ ಚಡಪಡಿಕೆ. ಬೆಳಿಗ್ಗೆ ಎದ್ದರೆ ಬೈಂದೂರು ಬಸ್ಸು.

"ಹ್ವಾಯ್, ಕುಸಿತ ಎಲ್ಲಿಗೂ ಓಡಿ ಹೋತಿಲ್ಲೆ. ತಿಂಡಿ ತಿನ್ಕಂಡ್ ಹೋಯ್ನಿ," ಎನ್ನುತ್ತಿದ್ದಳು ಹೆಂಡತಿ.

ಒಂದು ದಿನ ಹೋಗಿ ನೋಡಿದರೆ, ಇಷ್ಟು ವರ್ಷ ಊರವರಿಗೆ ಮುಚ್ಚಿದ್ದ ಗೇಟು ತೆರೆದು, ಶಿಬಿರದ ಒಳಗಿಂದಲೇ ಆಚೆಯ ಮೀನು ಬಂದರಿಗೆ ನೇರ ದಾರಿಯಾಗಿದೆ! ಸುತ್ತು ಬಳಸಿ ಹೋಗುತ್ತಿದ್ದ ಮೀನಿನ ಲಾರಿಗಳೆಲ್ಲ ಈಗ ಹೋಟೆಲಿನ ಮುಂದೆ. ಬನ್ಸಿಗೆ ಜನ ನಿಂತೇ ಕಾಯುತ್ತಿದ್ದರು. ನನಗೆ ಕೂರಲು ಜಾಗ ಸಿಗಲಿಲ್ಲ. ಪರೋಕ್ಷ ಪರಿಣಾಮ ಎಂದರೆ ಇದೇ ಇರಬೇಕು.

ಇಡೀ ಊರಿನಲ್ಲಿ ಕುಸಿದವನು ರಘುರಾಮ ಒಬ್ಬನೇ. ಕೆಲಸವಿಲ್ಲದೆ ಹೆಂಡತಿ ಮಕ್ಕಳೊಂದಿಗೆ ನಮ್ಮ ಮನೆಗೇ ಬಂದ. ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ನನಗೆ ಸ್ವಲ್ಪ ನಿದ್ದೆಯಾದರೂ ಬರುತ್ತಿತ್ತು. ಕೊನೆಗೆ ಹೆಂಡತಿಯೇ ತಮ್ಮನನ್ನು ಕರೆದುಕೊಂಡು ಗುಲಾಬಿಯಕ್ಕನಲ್ಲಿಗೆ ಹೊರಟಳು. ಬೇಡವೆಂದರೂ ನಾನು ಹಿಂದೆ ಹೋದೆ.

ಗುಲಾಬಿಯಕ್ಕ ದೊಡ್ಡ ಮನಸ್ಸಿನವಳು. "ವರ್ಷ ಮುಗಿಯೂದ್ ಬ್ಯಾಡ ರಘುರಾಮ, ನಾಳೆಯಿಂದ್ಲೇ ಬಾ. ಇಬ್ರೂ ಸೇರಿ ನಡ್ಸುವ. ಆರೆ ಒಂದ್ ಮಾತ್," ಎಂದು ನನ್ನತ್ತ ನೋಡಿದಳು. "ನಿನ್ ಭಾವ ಬಂದ್ರೆ ಚಾ ಕುಡೀಲಿ, ಬನ್ಸ್ ತಿನ್ಲಿ. ಬಾಯಿ ತೆರೆಯೂದ್ ಅಷ್ಟಕ್ಕೇ ಆಯ್ಕ್."

ಇದಕ್ಕೆ ತಕ್ಕ ಉತ್ತರ ಕೊಡಲು ನಾನು ಬಾಯಿ ತೆರೆದೆ. ಹೆಂಡತಿ ಅದರೊಳಗೆ ಒಂದು ಬನ್ಸ್ ಇಟ್ಟಳು.