ಇನ್ನೂರ ಹದಿನಾರು ಮೆಟ್ಟಿಲು, ಒಂದು ಚೀಟಿ

ನನ್ನ ಮೊಣಕಾಲುಗಳ ಮೇಲೆ ನನಗೆ ಯಾವ ದೂರೂ ಇಲ್ಲ. ಅವು ತಮ್ಮ ಕೈಲಾದಷ್ಟು ಹೇಳಿದವು. (ಮೊಣಕಾಲಿಗೆ ಕೈ ಎಲ್ಲಿಂದ ಬಂತು ಎಂದು ಕೇಳಬೇಡಿ, ಆ ದಿನಗಳಲ್ಲಿ ನನ್ನ ದೇಹದಲ್ಲಿ ಯಾವುದು ಎಲ್ಲಿದೆ ಎಂಬುದು ನನಗೇ ಗೊತ್ತಿರಲಿಲ್ಲ.) ಕೇಳದೆ ಹೋದವನು ನಾನು.

ನಮ್ಮೂರ ಬಂದರಿನ ತುದಿಯಲ್ಲಿ ಒಂದು ದೀಪಸ್ತಂಭವಿದೆ. ವರ್ಷಕ್ಕೆ ಒಂದೇ ದಿನ ಜನರನ್ನು ಮೇಲಕ್ಕೆ ಬಿಡುತ್ತಾರೆ. ಮದುವೆಯಾದ ಹೊಸದರಲ್ಲಿ ನಾನೂ ನನ್ನಾಕೆಯೂ ಹತ್ತಲು ಹೋಗಿ ಅರ್ಧಕ್ಕೇ ಇಳಿದು ಬಂದಿದ್ದೆವು. ಅವಳ ಚಪ್ಪಲಿಯ ಪಟ್ಟಿ ಕಿತ್ತುಹೋಗಿತ್ತು. ಬರಿಗಾಲಲ್ಲೇ ಹತ್ತೋಣ ಎಂದಳು ಅವಳು. ಮುಂದಿನ ವರ್ಷ ಬರೋಣ ಬಿಡು ಎಂದೆ ನಾನು. ಆ ಮುಂದಿನ ವರ್ಷ ಬರಲು ಇಪ್ಪತ್ತೈದು ವರ್ಷ ಹಿಡಿಯಿತು. ಒಮ್ಮೆ ಮಗಳಿಗೆ ಜ್ವರ, ಒಮ್ಮೆ ಮನೆ ಬದಲಾವಣೆ, ಒಮ್ಮೆ ನನ್ನ ಸೋಮಾರಿತನ. (ಕೊನೆಯದು ಒಮ್ಮೆಯಲ್ಲ.)

ಈ ವರ್ಷ ಅವಳು ಹೆಚ್ಚು ಮಾತಾಡಲಿಲ್ಲ. "ಇಬ್ಬರೂ ಜೊತೇಲಿ ಮೇಲೆ ನಿಂತು ನೋಡ್ಬೇಕು ರೀ. ನಾನೊಬ್ಬಳೇ ಹತ್ತೋದಾಗಿದ್ರೆ ಯಾವತ್ತೋ ಹತ್ತಿರ್ತಿದ್ದೆ" ಎಂದಳು, ಅಷ್ಟೇ.

ಇನ್ನೂರ ಹದಿನಾರು ಮೆಟ್ಟಿಲು! ಸೋಫಾದಿಂದ ಏಳುವುದೇ ನನಗೊಂದು ಪರ್ವತಾರೋಹಣ. ಹೀಗಾಗಿ ಅವಳ ತಮ್ಮನನ್ನು ಕರೆಸಲಾಯಿತು. ಅವನು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ಕಾಲು ಮುರಿದವರನ್ನು ಮತ್ತೆ ನಡೆಸುವುದು ಅವನ ಕೆಲಸ. ಆರು ವಾರದ ಪಟ್ಟಿ ಬರೆದು ಫ್ರಿಜ್ಜಿಗೆ ಅಂಟಿಸಿದ. ಒಂದು ದಿನ ವ್ಯಾಯಾಮ, ಮರುದಿನ ವಿಶ್ರಾಂತಿ. ಕೊನೆಯ ಮೂರು ದಿನ ಬರೀ ವಿಶ್ರಾಂತಿ, ಅದೂ ಕೆಂಪು ಶಾಯಿಯಲ್ಲಿ, ಕೆಳಗೆ ಎರಡು ಗೆರೆ.

"ಗೆರೆ ಯಾಕಪ್ಪಾ?"

"ಅದು ನಿಮಗೋಸ್ಕರ ಭಾವ. ಸ್ನಾಯು ಗಟ್ಟಿಯಾಗೋದು ಮೆಟ್ಟಿಲು ಹತ್ತುವಾಗ ಅಲ್ಲ, ಹತ್ತಿ ಬಂದು ಮಲಗಿದಾಗ. ಹತ್ತೋದು ಕೆಡವೋ ಕೆಲಸ. ಕಟ್ಟೋ ಕೆಲಸ ಎಲ್ಲ ನಿದ್ದೇಲಿ."

ಮಲಗಿದರೆ ಬಲ ಬರುತ್ತದೆ ಎಂಬ ಶಾಸ್ತ್ರ ನಿಜವಾಗಿದ್ದರೆ ನಾನು ಇಷ್ಟು ಹೊತ್ತಿಗೆ ಜಗಜಟ್ಟಿಯಾಗಿರಬೇಕಿತ್ತು. ನಾನು ಗಡಿಯಾರ ರಿಪೇರಿಯವನು. ಕೀಲಿ ಕೊಡದೆ ಓಡಿದ ಗಡಿಯಾರವನ್ನು ನಾನಂತೂ ಕಂಡಿಲ್ಲ.

ನನ್ನಾಕೆ ಪಟ್ಟಿಯನ್ನು ಅಕ್ಷರಶಃ ಪಾಲಿಸಿದಳು. ವಿಶ್ರಾಂತಿಯ ದಿನ ಬೀದಿಯ ಕೊನೆಯವರೆಗೆ ನಿಧಾನಕ್ಕೆ ನಡೆದು ಬಂದು, ತಂಬಿಗೆ ನೀರು ಕುಡಿದು, ಎರಡು ದಿಂಬಿನ ಮೇಲೆ ಕಾಲಿಟ್ಟು ಮಲಗುತ್ತಿದ್ದಳು. ನಾನು ಅವಳಿಗೆ 'ಶಯನಸಾಮ್ರಾಜ್ಞಿ' ಎಂಬ ಬಿರುದು ಕೊಟ್ಟೆ. ಅವಳು ಬಿರುದನ್ನು ಸ್ವೀಕರಿಸಿ ಮಗ್ಗುಲು ಬದಲಿಸಿದಳು.

ನಾನೋ, ವಿಶ್ರಾಂತಿಯ ದಿನಗಳಲ್ಲಿ ಅಂಗಡಿಯ ಬಾಗಿಲು ಅರ್ಧ ಎಳೆದು, ಅಟ್ಟಕ್ಕೆ ಹೋಗುವ ಎಂಟು ಮೆಟ್ಟಿಲ ಏಣಿಯಲ್ಲಿ ಗುಪ್ತ ತಪಸ್ಸು ನಡೆಸುತ್ತಿದ್ದೆ. ಇಲ್ಲೊಂದು ಮಾತು ಒಪ್ಪಿಕೊಳ್ಳಬೇಕು. ರಿಪೇರಿಯಾದ ಗಡಿಯಾರವನ್ನು ಆ ಕೂಡಲೇ ಕೊಟ್ಟುಬಿಡುವ ಪದ್ಧತಿ ನನ್ನಲ್ಲಿಲ್ಲ. ಗೋಡೆಗೆ ತೂಗುಹಾಕಿ, 'ಮೂರು ದಿನ ಮುಟ್ಟಬಾರದು' ಎಂದು ಚೀಟಿ ಕಟ್ಟುತ್ತೇನೆ. ಹೊಸ ಸ್ಪ್ರಿಂಗು ತನ್ನ ಜಾಗದಲ್ಲಿ ಕೂರಬೇಕು. ಎಂಥ ದೊಡ್ಡ ಮನುಷ್ಯ ಬಂದು ಅವಸರ ಮಾಡಿದರೂ ನಾನು ಬಗ್ಗುವವನಲ್ಲ. ಅಂಥ ಚೀಟಿಗಳು ಗೋಡೆ ತುಂಬ ನೇತಾಡುತ್ತಿರುವಾಗಲೇ, ಅವುಗಳ ಕಣ್ಣೆದುರೇ, ನಾನು ಆರು ವಾರ ಏಣಿ ಹತ್ತಿ ಇಳಿದೆ.

ಮೂರನೆಯ ವಾರ ಮೊಣಕಾಲು ಮಾತಾಡತೊಡಗಿತು. ನಾನು ಸ್ಟೂಲಿನಿಂದ ಎದ್ದಾಗ ಬಂದ ಸದ್ದಿಗೆ ಗಿರಾಕಿಯೊಬ್ಬ ತನ್ನ ಗಡಿಯಾರವೇ ಮುರಿಯಿತೆಂದು ಜಗಳಕ್ಕೆ ಬಂದ. ಐದನೆಯ ವಾರ ಮನೆಯ ಮೆಟ್ಟಿಲನ್ನು ಅಡ್ಡಡ್ಡ ಇಳಿಯುತ್ತಿದ್ದೆ.

"ಏಡಿ ಹಾಗೆ ಯಾಕ್ರೀ ಇಳೀತೀರಿ?"

ಇದು ಹೊಸ ವಿಧಾನ ಎಂದೆ. ನೋವಿದ್ದರೆ ಹೇಳಿ ಎಂದಳು. ಅವತ್ತೇ ಹೇಳಬಹುದಿತ್ತು. ಹೇಳಿದ್ದರೆ ಇವತ್ತು ಈ ಕಥೆ ಇರುತ್ತಿರಲಿಲ್ಲ, ಅದರಿಂದ ಲೋಕಕ್ಕೆ ನಷ್ಟವೂ ಇರಲಿಲ್ಲ.

ದೀಪಸ್ತಂಭ ಹತ್ತಬೇಕಾದ ಹಿಂದಿನ ದಿನ ನನ್ನೊಳಗಿನ ವೀರ ಲೆಕ್ಕ ಹಾಕಿದ: ಇನ್ನೂರ ಹದಿನಾರನ್ನು ಎಂಟರಿಂದ ಭಾಗಿಸಿದರೆ ಇಪ್ಪತ್ತೇಳು. ಒಂದು ಪೂರ್ವಾಭ್ಯಾಸ ಆಗಿಬಿಡಲಿ ಎಂದು ಇಪ್ಪತ್ತೇಳು ಸಲ ಹತ್ತಿದೆ. ಕೈಯಲ್ಲಿ ಒಂದಿರಲಿ ಎಂದು ಇಪ್ಪತ್ತೆಂಟನೆಯದನ್ನೂ ಹತ್ತಿದೆ.

ಬೆಳಗಾದಾಗ ಎರಡು ಕಾಲೂ ಮುಷ್ಕರ ಹೂಡಿದ್ದವು. ನಗುಮುಖ ಹೊತ್ತು ಹೇಗೋ ದೀಪಸ್ತಂಭದ ಬುಡ ತಲುಪಿದೆ. ಒಂದು ಮೆಟ್ಟಿಲು, ಎರಡು, ಏಳು. ಎಂಟನೆಯದಕ್ಕೆ ಕಾಲು ಎತ್ತಿದೆ ಎಂದು ನಾನು ಅಂದುಕೊಂಡೆ, ಕಾಲು ಅಂದುಕೊಳ್ಳಲಿಲ್ಲ. ಕೋಲೂರಿಕೊಂಡು ಬಂದ ಅಜ್ಜಿಯೊಬ್ಬರು, ಸ್ವಲ್ಪ ದಾರಿ ಬಿಡಪ್ಪ ಎಂದು ನನ್ನನ್ನು ದಾಟಿ ಹೋದರು.

ನನ್ನಾಕೆ ತಿರುಗಿ ನೋಡಿದಳು. "ನಿನ್ನೆ ಹತ್ತಿದ್ರಿ, ಅಲ್ವಾ?"

"ಇಪ್ಪತ್ತೆಂಟು ಸಲ."

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮುಂದಿನ ವರ್ಷ ಬರೋಣ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ, ಚಪ್ಪಲಿ ಬಿಚ್ಚಿ ನನ್ನ ಕೈಗಿತ್ತು ಬರಿಗಾಲಲ್ಲಿ ಹತ್ತಿ ಹೋದಳು.

ಕೆಳಗಿನ ಕಲ್ಲಿನ ಮೇಲೆ, ಮಡಿಲಲ್ಲಿ ಚಪ್ಪಲಿ ಇಟ್ಟುಕೊಂಡು, ಬಿಸಿಲು ಕಾಯಿಸುತ್ತಿದ್ದ ಒಂದು ನಾಯಿಯ ಪಕ್ಕ ಒಂದು ಗಂಟೆ ಕೂತಿದ್ದೆ. ಅವಳು ಉಸಿರು ಕೂಡ ಏರದೆ ಇಳಿದು ಬಂದಳು. ಏನು ಕಂಡಿತು ಎಂದು ಕೇಳಿದೆ.

"ಸಮುದ್ರ ಕಂಡಿತು. ನಮ್ಮ ಮನೆ ಮಾಳಿಗೆ ಕಂಡಿತು. ನೀವೂ ಕಂಡ್ರಿ, ಪಕ್ಕದಲ್ಲಿ ನಾಯಿ. ಆಮೇಲೆ ನಾಯಿ ಎದ್ದು ಹೋಯ್ತು, ನೀವು ಏಳಲಿಲ್ಲ." ಚಪ್ಪಲಿ ಮೆಟ್ಟಿಕೊಳ್ಳುತ್ತಾ ಮೆಲ್ಲಗೆ ಸೇರಿಸಿದಳು. "ಮೇಲೆ ತುಂಬ ಜನ ಇದ್ರು ರೀ. ಆದ್ರೂ ಪಕ್ಕದಲ್ಲಿ ಒಬ್ಬರು ನಿಲ್ಲೋಷ್ಟು ಜಾಗ ಹಿಡ್ಕೊಂಡೇ ನಿಂತಿದ್ದೆ."

ಈಗ ಅಂಗಡಿಗೆ ಬೀಗ. ಅವಳ ಅವೇ ಎರಡು ದಿಂಬಿನ ಮೇಲೆ ನನ್ನ ಕಾಲು. ಬಲಗಾಲಿನ ಹೆಬ್ಬೆರಳಿಗೆ ಅಂಗಡಿಯಿಂದ ತಂದ ಒಂದು ಚೀಟಿ ಕಟ್ಟಿದ್ದಾಳೆ, ಅಕ್ಷರ ನನ್ನದೇ. 'ಮೂರು ದಿನ' ಎಂಬುದನ್ನು ಹೊಡೆದುಹಾಕಿ 'ಮೂರು ವಾರ' ಎಂದು ತಿದ್ದಿ, ತಮ್ಮನಿಂದ ಕೆಂಪು ಶಾಯಿಯ ಎರಡು ಗೆರೆಯನ್ನೂ ಹಾಕಿಸಿದ್ದಾಳೆ. ನೋಡಲು ಬಂದವರೆಲ್ಲ ಮೊದಲು ಅದನ್ನು ಓದಿ, ಆಮೇಲೆ ನನ್ನ ಮುಖ ನೋಡುತ್ತಾರೆ. ಬಿಚ್ಚಿ ಎಸೆಯೋಣವೆಂದರೆ, ಅಷ್ಟು ದೂರ ಬಗ್ಗಲು ಸೊಂಟ ಒಪ್ಪುತ್ತಿಲ್ಲ.